ಒಂಬತ್ತು ಹತ್ತರ ರೈಲು

ಬ್ಯಾಡಗಿಯ ನನ್ನ ತಂಗಿಯನ್ನು ಯುರೋಪಿಗೆ ಕರೆದುಕೊಂಡು ಹೋದದ್ದು ನನ್ನದೇ ತಪ್ಪು. ಮೊಣಕಾಲು ನೋವಿನವಳು ನೀನು, ಒಬ್ಬಳೇ ಹೋಗಬೇಡ ಎಂದು ನನಗೆ ಮನೆಯವರೆಲ್ಲ ಹಟ ಹಿಡಿದರು. ಮೆಣಸಿನಕಾಯಿ ವ್ಯಾಪಾರ ಬಿಟ್ಟು ಬರಲು ಸಿದ್ಧಳಿದ್ದವಳು ಅವಳೊಬ್ಬಳೇ.

ಹಾವೇರಿಯ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದ ನನ್ನನ್ನು ಒಬ್ಬ ಹೆಸರಾಂತ ಲೇಖಕನ ಪತ್ರಗಳು ಬಹಳ ವರ್ಷ ಕಾಡಿವೆ. ನೂರು ವರ್ಷಕ್ಕೂ ಹಿಂದೆ ಆತ ಪ್ಯಾರಿಸ್ಸಿನಿಂದ ಇಟಲಿಯವರೆಗೆ ರೈಲಿನಲ್ಲಿ ಅಲೆದು, ದಾರಿಯುದ್ದಕ್ಕೂ ಹೆಂಡತಿಗೆ ಬರೆದ ಪತ್ರಗಳು. ನಿವೃತ್ತಿಯಾದ ಮೇಲೆ ಅವನ್ನು ಕನ್ನಡಕ್ಕೆ ತರಲು ಕುಳಿತೆ. ನಾಲ್ಕು ಸಾಲಿನಲ್ಲಿ ಸಿಕ್ಕಿಬಿದ್ದೆ. ಬೆಟ್ಟ ಹತ್ತುವಾಗ ಒಂದೇ ಹಳ್ಳಿ ಮೊದಲು ಎಡ ಕಿಟಕಿಯಲ್ಲಿ, ಆಮೇಲೆ ಬಲ ಕಿಟಕಿಯಲ್ಲಿ ಕಾಣುತ್ತದೆ ಎನ್ನುತ್ತಾನೆ ಪುಣ್ಯಾತ್ಮ. ಅದು ಹೇಗೆ ಎಂದು ಎರಡು ವರ್ಷ ತಲೆ ಕೆಡಿಸಿಕೊಂಡರೂ ಹೊಳೆಯಲಿಲ್ಲ. ಆ ಹಳೆಯ ಹಳಿಯ ಮೇಲೆ ಈಗ ವಾರಕ್ಕೆ ಒಂದೇ ರೈಲು, ಗುರುವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ. ಅದರಲ್ಲಿ ಕೂರುವುದಕ್ಕೇ ನಾನು ಅಷ್ಟು ದೂರ ಹೋದದ್ದು.

ನಮ್ಮ ಕಡೆ ಹೊರಟು ನಿಂತವರನ್ನು ‘ಎಲ್ಲಿಗೆ’ ಎಂದು ಕೇಳಬಾರದು. ತಿಳಿದವರು ‘ದೂರ ಹೊಂಟೀರೇನ್ರಿ?’ ಎನ್ನುತ್ತಾರೆ. ಯಾರಾದರೂ ಬಾಯಿ ತಪ್ಪಿ ಕೇಳಿದರೆ ಹೊರಟವರು ಒಳಗೆ ಬಂದು, ಕುಳಿತು, ನೀರು ಕುಡಿದು ಹೊರಡಬೇಕು. ನನ್ನ ತಂಗಿ ಇದನ್ನು ಪ್ಯಾರಿಸ್ಸಿಗೂ ಹೊತ್ತುಕೊಂಡು ಬಂದಿದ್ದಳು. ಹೋಟೆಲಿನ ಕೌಂಟರಿನ ಹುಡುಗಿಯರಿಗೋ ದಿನಾ ಬೆಳಿಗ್ಗೆ ನಗುತ್ತ ‘ಇವತ್ತು ಎಲ್ಲಿಗೆ?’ ಎಂದು ಕೇಳುವುದೇ ಕೆಲಸ. ಇಂಗ್ಲಿಷ್ ಬಾರದ ನನ್ನ ತಂಗಿ ಆ ಒಂದು ಪ್ರಶ್ನೆಯನ್ನು ಮಾತ್ರ ಮೊದಲ ದಿನವೇ ಕಲಿತಳು. ಕೇಳಿದ್ದೇ ತಡ, ಹೋಗಿ ಸೋಫಾದಲ್ಲಿ ಕುಳಿತು ಬಾಟಲಿ ಬಿಚ್ಚುವಳು. ಪ್ಯಾರಿಸ್ಸಿನಲ್ಲಿ ಒಂದು ರೈಲು ಹೀಗೇ ತಪ್ಪಿತು. ಇನ್ನೊಂದು ಇತ್ತು, ಹಲ್ಲು ಕಚ್ಚಿ ಸುಮ್ಮನಾದೆ.

ಆ ರೈಲು ಹೊರಡುವ ಬೆಟ್ಟದ ಬುಡದ ಊರಿಗೆ ಬಂದ ಬುಧವಾರವೇ ಹೇಳಿಟ್ಟಿದ್ದೆ: “ನಾಳಿ ಮಾತ್ರ ಕುಂದ್ರಬ್ಯಾಡ. ಕೌಂಟರಿನಾಕಿ ಏನರ ಕೇಳ್ಲಿ, ಸುಮ್ನ ನಡಿ.”

“ಆತಕ್ಕಾ,” ಎಂದಿದ್ದಳು.

ಗುರುವಾರ ಅಲ್ಲಿಯ ಹೋಟೆಲಿನ ಹುಡುಗಿಯೂ ಕೇಳಿದಳು. ನಾನು ನಡೆಯುತ್ತಲೇ ಉತ್ತರ ಕೊಟ್ಟು ಬಾಗಿಲು ದಾಟಿ ತಿರುಗಿ ನೋಡಿದರೆ, ಇವಳು ಸೋಫಾದ ಮೇಲೆ!

“ಏಳ ಲಗೂ!”

“ಎರಡ ನಿಮಿಷಕ್ಕಾ.”

ನಮ್ಮ ಕಡೆಯ ಗಾಡಿಗಳು ಹತ್ತು ನಿಮಿಷ ತಡವಾಗಿಯಾದರೂ ನಮ್ಮಂಥವರ ಮಾನ ಉಳಿಸುತ್ತವೆ. ಅಲ್ಲಿ ಆ ಸೌಭಾಗ್ಯವಿಲ್ಲ. ಪ್ಲಾಟ್‌ಫಾರ್ಮ್ ಮುಟ್ಟುವಷ್ಟರಲ್ಲಿ ರೈಲಿನ ಕೊನೆಯ ಡಬ್ಬಿ ತಿರುವಿನಲ್ಲಿ ಮರೆಯಾಗುತ್ತಿತ್ತು. ಮರುದಿನ ನಮ್ಮ ವಿಮಾನ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಅಷ್ಟು ಜನರ ನಡುವೆ ಗಂಟಲು ಹರಿಯುವಂತೆ ಕೂಗಿದೆ: “ಎಲ್ಲಾ ಹಾಳ ಮಾಡಿದಿ! ಎಲ್ಲಿಗೆ ಅಂತ ಕೇಳಿದ್ರ ಏನಾಕ್ಕೈತಿ? ಯಾರರ ಸತ್ತಾರ?”

ಅವಳು ಬೆಂಚಿನ ಮೇಲೆ ಕುಳಿತಳು.

“ಅವತ್ತ ನಮ್ಮ ಮನಿಯವ್ರು ರಾಣೆಬೆನ್ನೂರಿಗೆ ಹೊಂಟಾಗ ನೀನ ಕೇಳಿದ್ದಿ ಅಲ್ಲಕ್ಕಾ,” ಎಂದಳು. “ನಾ ಅಡಗಿಮನ್ಯಾಗ ಇದ್ದೆ.”

ಹನ್ನೊಂದು ವರ್ಷದ ಹಿಂದಿನ ಮಾತು. ಅವಳ ಗಂಡ ಹಾವೇರಿಯ ನನ್ನ ಮನೆಯಿಂದಲೇ ಬೈಕಿನಲ್ಲಿ ಹೊರಟಿದ್ದ. ನಾನು ಎಲ್ಲಿಗೆ ಎಂದು ಕೇಳಿದೆ. ಅವನು ಚಪ್ಪಲಿ ಬಿಟ್ಟು ಒಳಗೆ ಬಂದ, ಕುರ್ಚಿಗೆ ಕೈ ಹಾಕಿದ. “ನೀವೂ ಇದನ್ನ ನಂಬ್ತೀರೇನ್ರಿ? ಲಗೂ ಹೊಂಡ್ರಿ, ತಡಾ ಆಗ್ತೈತಿ,” ಎಂದು ನಾನು ನಕ್ಕೆ. ಅವನು ನಾಚಿಕೊಂಡು ಕೂರದೆ ಹೊರಟ. ಹೆದ್ದಾರಿಯಲ್ಲಿ ಲಾರಿ ಬಡಿಯಿತು, ರಾಣೆಬೆನ್ನೂರು ಮುಟ್ಟಲಿಲ್ಲ. ಕೇಳಿದ್ದಕ್ಕೇ ಅವನು ಸತ್ತ ಎಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಆದರೆ ಅಲ್ಲಿ ಅದನ್ನು ಅವಳಿಗೆ ಹೇಳದೆ ಬೇರೆಯದನ್ನೇ ಕೇಳಿದೆ.

“ಇಷ್ಟ ವರ್ಷ ನನ್ನ ಮ್ಯಾಲೆ ಇದನ್ನ ಹೊಟ್ಟ್ಯಾಗ ಇಟ್ಕೊಂಡಿದ್ದೀಯೇನು?” ಎಂದೆ.

“ನಿನ್ನ ಮ್ಯಾಲೆ ಏನೂ ಇಲ್ಲಕ್ಕಾ,” ಎಂದಳು. “ಈ ಹುಡುಗ್ಯಾರು ದಿನಾ ಕೇಳಿದ್ದು ನಿನ್ನ. ನೀ ಹೆಂಗೂ ಕುಂದ್ರಂಗಿಲ್ಲ. ಅದಕ್ಕ ನಿನ್ನ ಸಲುವಾಗಿ ನಾ ಕುಂತೆ.”