ಮಂಟಯ್ಯ ಕೂಗಿದ ಹಸಿರು

"ಅಮ್ಮಾ, ಮಂಟಯ್ಯ ತಾತ ಒಲೆಗೆ ಸೌದೆ ಇಕ್ಕುವಾಗ ಒಂದು ಕಣ್ಣು ಯಾಕೆ ಮುಚ್ಕೋತಾರೆ?"

ಹಿತ್ತಲಿನ ಹಂಡೆ ಒಲೆಯ ಪಕ್ಕ ವಾಣಿಶ್ರೀ ಮಗಳ ನೆತ್ತಿಗೆ ಎಣ್ಣೆ ತಟ್ಟುತ್ತಿದ್ದಳು. "ಕಣ್ಣಿಗೆ ಹೊಗೆ ಹೋಗುತ್ತೆ ಅಂತ ಇರ್ಬೇಕು, ಸುಮ್ನೆ ಕೂತ್ಕೊ."

ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಮುದುಕ ಸೌದೆ ಒಳಕ್ಕೆ ತಳ್ಳಿದ. ಕೆ.ಆರ್. ನಗರದ ಆ ವಠಾರದ ಹಿಂದಿನ ಕೋಣೆಯಲ್ಲಿ ಒಬ್ಬನೇ ಇರುವವನು. "ಹೊಗೆಗಲ್ಲ ಕಣ್ ಮಗ. ಬೆಂಕಿ ನೋಡಿದ್ ಕಣ್ಣು ಕತ್ಲೇಲಿ ಕುರ್ಡು. ಒಂದ್ನಾದ್ರೂ ಉಳಿಸ್ಕಬೇಕು."

ಮಗಳು ಅಂಗನವಾಡಿಗೆ ಹೋದ ಮೇಲೆ ಉಳಿದದ್ದನ್ನು ಹೇಳಿದ.

ಇಪ್ಪತ್ತನಾಲ್ಕರ ಪ್ರಾಯದಲ್ಲಿ ಮಂಟಯ್ಯ ಕಲ್ಲಿದ್ದಲಿನ ರೈಲು ಇಂಜಿನ್ನಿಗೆ ಇದ್ದಲು ಹಾಕುವ ಫೈರ್‌ಮನ್. ಡ್ರೈವರ್ ಮಿರ್ಲೆಯ ಚಲುವಯ್ಯ. ತನ್ನ ಬುತ್ತಿಯ ಮುದ್ದೆ ಮುರಿದು ಕೊಡುತ್ತಿದ್ದವನು, "ಇದ್ಲು ಹಾಕೋದು ಕೂಸಿಗೆ ಉಣ್ಸ್ದಂಗೆ ಕಣ್ಲಾ ಮಂಟ, ತುರುಕಬ್ಯಾಡ" ಎಂದು ಗದರುತ್ತಿದ್ದವನು. ಹಳಿ ತಿರುಗುವ ಕಡೆ ಉದ್ದನೆಯ ಬಾಯ್ಲರ್ ಅಡ್ಡ ಬಂದು ಡ್ರೈವರನಿಗೆ ಸಿಗ್ನಲ್ ಕಾಣುತ್ತಿರಲಿಲ್ಲ. ಆಗ ಇನ್ನೊಂದು ಬದಿಯಿಂದ ಫೈರ್‌ಮನ್ ಕತ್ತು ಹೊರಹಾಕಿ ನೋಡಿ ಬಣ್ಣ ಕೂಗಬೇಕು. ಆ ಕೂಗನ್ನು ನಂಬಿ ಬಂಡಿ ಓಡಬೇಕು.

ಒಂದು ಮುಂಜಾವು, ಇನ್ನೂ ಬೆಳಕು ಹರಿದಿರಲಿಲ್ಲ, ಮಂಜು ಬೇರೆ. ಇದ್ದಲು ಎರಚಿ ತಲೆಯೆತ್ತಿದರೆ ಮಂಟಯ್ಯನ ಕಣ್ಣ ತುಂಬ ಬೆಂಕಿಯ ಬಿಳುಪು. ಆಚೆಗೆ ಏನೂ ಕಾಣಲಿಲ್ಲ. ಆ ತಿರುವಿನಲ್ಲಿ ಮೂರು ವರ್ಷ ಹಸಿರನ್ನೇ ಕಂಡಿದ್ದ. "ಹಸ್ರು!" ಎಂದು ಕೂಗಿಬಿಟ್ಟ. "ಹಸ್ರು" ಎಂದು ಮರುನುಡಿದ ಚಲುವಯ್ಯ ವೇಗ ಕೊಟ್ಟ.

ಸಿಗ್ನಲ್ ಕೆಂಪಾಗಿತ್ತು. ಮುಂದೆ ಗೂಡ್ಸ್ ಬಂಡಿ ನಿಂತಿತ್ತು. ಅದರ ಗಾರ್ಡ್ ಸತ್ತ, ಚಲುವಯ್ಯ ಸತ್ತ. ಹೊರಕ್ಕೆ ಸಿಡಿದ ಮಂಟಯ್ಯ ಪೊದೆಯೊಳಗೆ ಬಿದ್ದು ಬದುಕಿದ.

ವಿಚಾರಣೆಯಲ್ಲಿ "ನೀನೇನು ಕೂಗಿದೆ?" ಎಂದಾಗ ಅವನ ಬಾಯಿಗೆ ಬಂದದ್ದು "ಕೆಂಪು". ತಪ್ಪೆಲ್ಲ ಸತ್ತವನ ತಲೆಗೆ ಹೋಯಿತು. ಚಲುವಯ್ಯ ಕುಡಿದಿದ್ದನಂತೆ ಎಂದು ಊರು ಮಾತಾಡಿತು.

ಇಂಜಿನ್ನನ್ನು ಎತ್ತಿ, ಮೂತಿ ನೆಟ್ಟಗೆ ಮಾಡಿ, ಕಪ್ಪು ಬಣ್ಣ ಬಳಿದು ಎಂಟು ತಿಂಗಳಿಗೆ ಮತ್ತೆ ಹಳಿಗೆ ಬಿಟ್ಟರು. ಆಳು ತಿಂದ ಇಂಜಿನ್ ಎಂದು ಯಾರೂ ಹತ್ತಲೊಲ್ಲರು. ಗಾಲಿಗೆ ನಿಂಬೆಹಣ್ಣು ಕೊಟ್ಟು, ಬೂದುಗುಂಬಳ ಒಡೆದು, ಮಂಟಯ್ಯನನ್ನೇ ಹತ್ತಿಸಿದರು.

"ಅದ್ಕೇನ್ ಗೊತ್ತವ್ವ? ಕೊಟ್ಟಿದ್ ತಿಂದು ಓಡ್ತು. ಗುಜರಿಗೆ ಹೋಗೋಗಂಟ ಹನ್ನೊಂದ್ ವರ್ಸ ಅದ್ರ ಬಾಯ್ ಮುಂದೆ ನಿಂತಿದ್ದೆ. ಅದ್ರ ಮ್ಯಾಲೂ ಗೂಬೆ ಕೂರಿಸ್ದೆ ನಾನು."

ಪ್ರತಿ ವರ್ಷ ಪಿತೃಪಕ್ಷದ ಅಮಾವಾಸ್ಯೆಗೆ ಚಲುವಯ್ಯನ ಹೆಂಡತಿ ದೊಡ್ಡತಾಯಮ್ಮ ಮಿರ್ಲೆಯಿಂದ ಹೇಳಿಕಳಿಸುತ್ತಾಳೆ. ಗಂಡನಿಗೆ ಎಡೆಯಿಟ್ಟ ಮೇಲೆ ಮೊದಲ ಎಲೆ ಮಂಟಯ್ಯನಿಗೆ. ಕೊನೆಗಳಿಗೆಯಲ್ಲಿ ಜೊತೆಗಿದ್ದವನು ಉಂಡರೆ ಗಂಡನೇ ಉಂಡ ಹಾಗೆ ಎಂದು ಅವಳ ನಂಬಿಕೆ. ಬಡಿಸುತ್ತಲೇ ಕೇಳುತ್ತಾಳೆ: "ನಿಜ ಹೇಳಪ್ಪ ಮಂಟ, ಅವತ್ತು ಅವ್ರು ಕುಡ್ದಿದ್ರಾ?"

"ಇಲ್ಲ ಕಣಕ್ಕ ಅಂತೀನಿ. ನೀನು ಕೆಂಪು ಅಂದ್ರೂ ಮತ್ಯಾಕೆ ನಿಲ್ಲಿಸ್ಲಿಲ್ಲ ಅಂತಾಳೆ. ಸಾರು ಚೆನ್ನಾಗೈತೆ ಅಂತೀನಿ."

ವಾಣಿಶ್ರೀಗೆ ಸಿಟ್ಟು ಬಂತು. "ನಲವತ್ತಾರು ವರ್ಷ! ಅವರ ಕೈಯ ಅನ್ನ ಹೆಂಗ್ ಉಂಡ್ರಿ ತಾತ?"

"ಉಣ್ಣದಿದ್ರೆ ಯಾಕೆ ಅಂತ ಕೇಳ್ತಿದ್ಲು ಕಣವ್ವ."

ಅವಳು ಎದ್ದಳು. ಆರಿಹೋಗಿದ್ದ ಅವನ ಕಾಫಿಯನ್ನು ಬಿಸಿ ಮಾಡಿ ತಂದಿಟ್ಟಳು. ಮುದುಕ ಲೋಟ ಮುಟ್ಟಲಿಲ್ಲ.

"ಅಕ್ಕ ಹಾಸಿಗೆ ಹಿಡಿದವ್ಳೆ. ಇದೇ ಕೊನೇ ಎಡೆ ಅಂತ ಅವ್ಳ್ ಮಗ ಫೋನ್ ಮಾಡಿದ್ದ. ನಾಡಿದ್ದು ಅಮಾಸೆ. ನನ್ ಜೊತೆ ಬಾರವ್ವ, ಕೂಸ್ನೂ ಎತ್ಕೊಂಡ್ ಬಾ. ಹೇಳ್ತೀನಿ ಅಂತ್ಲೇ ಹೋಗ್ತೀನಿ ನಾನು. ಎಲೆ ಮುಂದೆ ಕೂತು ಮಳೆ ಬೆಳೆ ಅಂತ ಮಾತು ತಿರುಗಿಸ್ದೆ ಅನ್ನು, ನೀನೇ ಹೇಳ್ಬುಡು. ನಾನು ಅನ್ನಕ್ಕೆ ಕೈ ಹಾಕೋಕ್ ಮುಂಚೆ ಹೇಳ್ಬುಡವ್ವ."