ಯಾರೂ ಕಳಿಸದ ಫೋಟೋ

೧೯೯೯ರಲ್ಲಿ, ಎಂಟನೇ ಕ್ಲಾಸಿಗೇ ನಾನು ಓದು ಬಿಟ್ಟೆ. ಕಥೆ ಕಟ್ಟುವಷ್ಟು ವಿದ್ಯೆ ನನಗಿಲ್ಲ. ನಡೆದದ್ದನ್ನಷ್ಟೇ ಬರೆಯುತ್ತಿದ್ದೇನೆ.

ನಂಜನಗೂಡಿನಲ್ಲಿ ನನ್ನದೇ ಫೋಟೋ ಪ್ರಿಂಟಿಂಗ್ ಲ್ಯಾಬ್ ಇದೆ. ಸುತ್ತಲಿನ ಸ್ಟುಡಿಯೋದವರು ಫೈಲುಗಳನ್ನು ನೇರವಾಗಿ ನನ್ನ ಸರ್ವರಿಗೇ ಕಳಿಸುತ್ತಾರೆ. ಕಂಪ್ಯೂಟರ್ ಕೆಲಸವೆಲ್ಲ ನಾನೇ ಕಲಿತದ್ದು. ಆ ವಾರ, ಹೊರಗಿನ ಕಳ್ಳರು ಸರ್ವರಿಗೆ ನುಗ್ಗದಂತೆ, ಹೊಸ ಫೈರ್‌ವಾಲ್ ಕೂರಿಸಿದ್ದೂ ನಾನೇ.

ರಾತ್ರಿ ಎಂಟು ದಾಟಿತ್ತು. ತಿ. ನರಸೀಪುರದ ಸ್ಟುಡಿಯೋದಿಂದ ಮಾದೇವಣ್ಣ ಫೋನ್ ಮಾಡಿದ. ಸೋಮನಾಥಪುರದ ಅಜ್ಜಿಯೊಬ್ಬರು ತೀರಿಕೊಂಡು ಹತ್ತು ದಿನವಾಗಿತ್ತು. ಬೆಳಿಗ್ಗೆ ಶಿವಗಣಾರಾಧನೆ. ಪೂಜೆಗೆ ಇಡಲು ಫೋಟೋ ಬೇಕು, ಇದ್ದದ್ದು ವೋಟರ್ ಕಾರ್ಡಿನ ಮಸುಕು ಮುಖವೊಂದೇ. ಅಜ್ಜಿಯ ಮಗ ನಂಜಪ್ಪ ಮೊದಲ ಬಸ್ಸಿಗೆ ಬಂದು ಪ್ರಿಂಟ್ ಒಯ್ಯುತ್ತಾನಂತೆ. ಆದರೆ ಫೈಲ್ ಹೋಗುತ್ತಿಲ್ಲ.

“ಪಾಸ್‌ವರ್ಡ್ ತಗೋತದೆ ಕಣಣ್ಣ, ಆಮೇಕೆ ಸುಮ್ನೆ ಸುತ್ತುತಾನೇ ಅದೆ. ಕಳ್ರು ಇರ್ಲಿ, ಗಿರಾಕಿನೂ ಒಳೀಕ್ ಬರಂಗಿಲ್ಲ ಬುಡು,” ಎಂದು ಕುಟುಕಿದ.

ವಾಟ್ಸಾಪಿನಲ್ಲಿ ಕಳಿಸು ಎನ್ನಬಹುದಿತ್ತು. ನನ್ನ ಹಮ್ಮು ಬಿಡಲಿಲ್ಲ.

ಕೇಬಲ್ ನೋಡಿದೆ, ಫೋಲ್ಡರ್ ನೋಡಿದೆ. ಒಂದು ಗಂಟೆಯಾದ ಮೇಲೆ ತಪ್ಪು ಹೊಳೆಯಿತು. ಪೋರ್ಟ್ ಎಂದರೆ ಕಂಪ್ಯೂಟರಿನ ಬಾಗಿಲು. ಲಾಗಿನ್ ಆಗುವುದು ಒಂದು ಪೋರ್ಟಿನಲ್ಲಿ, ಫೈಲ್ ಬರುವುದು ಬೇರೆ ಪೋರ್ಟುಗಳಲ್ಲಿ. ಭದ್ರವಾಗಿರಲೆಂದು ನಾನು ಮೊದಲನೆಯದನ್ನು ಬಿಟ್ಟು ಉಳಿದದ್ದೆಲ್ಲ ಮುಚ್ಚಿಬಿಟ್ಟಿದ್ದೆ.

ತೆರೆಯಲು ಮೌಸ್ ಹಿಡಿದೆ... ಅಷ್ಟರಲ್ಲಿ ಕಂಪ್ಯೂಟರ್ ಟಿಣ್ ಎಂದಿತು.

ಫೈಲ್ ಬಂದಿತ್ತು. ಪೋರ್ಟುಗಳು ಇನ್ನೂ ಮುಚ್ಚೇ ಇದ್ದವು.

ತೆರೆದೆ. ಮಸುಕೇ ಇಲ್ಲ. ಗೋಡೆಗೆ ಒರಗಿ ಕೂತ ಅಜ್ಜಿ, ಹಸಿರು ಸೀರೆ, ಹಣೆ ತುಂಬ ವಿಭೂತಿ. ಕಣ್ಣು ನೇರ ನನ್ನ ಮೇಲೆ... ಏಸಿ ರೂಮಿನೊಳಗೆ ಹಸಿ ಮಣ್ಣಿನ ವಾಸನೆ.

ಮಾದೇವಣ್ಣನಿಗೆ ಫೋನ್ ಮಾಡಿ, ಬಂತು ಎಂದೆ.

“ಏನ್ ಬಂತು? ಇಲ್ಲಿ ಕರೆಂಟ್ ಓಗಿ ಅರ್ಧ ಗಂಟೆ ಆಯ್ತು ಕಣಣ್ಣ. ಮಿಷನ್ನೇ ಆನ್ ಇಲ್ಲ.”

ಯಾವ ಫೈಲ್ ಯಾವಾಗ ಬಂತೆಂದು ಬರೆದಿಡುವ ಲಾಗ್ ತೆಗೆದು ನೋಡಿದೆ. ಅವನ ಸೋತ ಪ್ರಯತ್ನಗಳೆಲ್ಲ ಅದರಲ್ಲಿದ್ದವು. ಈ ಫೈಲಿನದು ಒಂದು ಸಾಲೂ ಇರಲಿಲ್ಲ.

ಪೋರ್ಟ್ ತೆರೆದಿಟ್ಟೆ. ಹತ್ತೂವರೆಗೆ ಅಲ್ಲಿ ಕರೆಂಟ್ ಬಂದು ಮಸುಕು ಫೋಟೋವೂ ಬಂತು. ಎರಡನ್ನೂ ಪ್ರಿಂಟ್ ಹಾಕಿದೆ. ಮನೆಗೆ ಹೋಗಬಹುದಿತ್ತು, ಆದರೆ ಅಲ್ಲೂ ಯಾರೂ ಇಲ್ಲ. ಪ್ರಿಂಟರ್ ತಣಿಯುವ ಟಿಕ್ ಟಿಕ್... ಬೆಳಗಾಗುವವರೆಗೆ ನಾನು, ಆ ಅಜ್ಜಿ, ಇಬ್ಬರೇ.

ನಂಜಪ್ಪ ಬಂದಾಗ ಮಸುಕು ಫೋಟೋವನ್ನೇ ಕೈಗಿತ್ತೆ. ಅವನ ಕಣ್ಣು ಟೇಬಲ್ ಮೇಲಿದ್ದ ಇನ್ನೊಂದಕ್ಕೆ ಹೋಯಿತು. ಎತ್ತಿಕೊಂಡ. ಸೀರೆಯ ಮೇಲೆ ಬೆರಳಾಡಿಸಿದ.

“ವೋಟರ್ ಕಾರ್ಡ್ ಬುಟ್ರೆ ನಮ್ಮವ್ವ ಯಾವತ್ತೂ ಫೋಟೋಕ್ ಕೂತವ್ಳಲ್ಲ ಸಾ,” ಎಂದ ಮೆಲ್ಲಗೆ. “ಈ ಸೀರೆ... ಮಣ್ಣಿಗಿಡೋವಾಗ ಉಡ್ಸಿದ್ದು.”

ಎಲ್ಲಿಂದ ಬಂತು ಎಂದು ಅವನು ಕೇಳಲಿಲ್ಲ. ಅದನ್ನೇ ಎದೆಗವಚಿಕೊಂಡು ಬಸ್ಸಿಗೆ ಹೊರಟ.

ಈಗ ನನ್ನ ಬಳಿ ಎರಡು ಪ್ರಿಂಟರ್, ಮೂರು ಕಂಪ್ಯೂಟರ್, ಒಂದು ಫೈರ್‌ವಾಲ್ ಇವೆ. ಅವನು ಬಿಟ್ಟುಹೋದ ಮಸುಕು ಫೋಟೋ ಒಂದು. ಅಳಿಸಲು ಕೈಬಾರದ ಫೈಲ್ ಒಂದು. ಕೆಲಸದವರು ಇಬ್ಬರು, ಅವರು ಕತ್ತಲಾಗುವ ಮೊದಲೇ ಮನೆಗೆ ಹೋಗುತ್ತಾರೆ.