ವಾಡೆಯ ಮರ, ಮಲ್ಲಿಗೆಯ ಪಾತಿ

ಬಿಟ್ಟಿ ಸಾಮಾನು ಸಿಗುತ್ತದೆ ಎಂದರೆ ಗಂಡಸರ ಬುದ್ಧಿ ಎಲ್ಲಿಗೆ ಹೋಗುತ್ತದೋ ನಾನರಿಯೆ. ನಾನು ಕೇಳಿದ್ದು ಮಲ್ಲಿಗೆ ಪಾತಿಗೆ ಒಂದು ಅಂಚು, ಅಷ್ಟೇ. ನಾಲ್ಕು ಇಟ್ಟಿಗೆ ಜೋಡಿಸಿ ಸಿಮೆಂಟು ಮೆತ್ತಿದ್ದರೆ ಮುಗಿದುಹೋಗುತ್ತಿತ್ತು. ನಮ್ಮವರು ಟೆಂಪೊ ತುಂಬ ಹಳೆಯ ಮರ ತಂದು ಹಿತ್ತಲಲ್ಲಿ ಇಳಿಸಿದರು.

ಎರಡು ಸಾವಿರದ ಇಸವಿಯ ಆಚೀಚೆಯ ಮಾತಿದು. ಪುಣೆಯ ಹಡಪಸರದಲ್ಲಿ ಹೊಸದಾಗಿ ಮನೆ ಕಟ್ಟಿಸಿದ್ದೆವು. ಹಿತ್ತಲು ಇಳಿಜಾರು. ಮಳೆ ಬಿತ್ತೆಂದರೆ ನಾವು ಹಾಕಿದ ಮಣ್ಣೆಲ್ಲ ಕಂಪೌಂಡಿನ ಬುಡದ ತೂತಿನಿಂದ ಹಿಂದಿನ ಮನೆಯವರ ಅಂಗಳಕ್ಕೆ ಹೋಗುತ್ತಿತ್ತು. ಅವರು ಮರಾಠಿಯಲ್ಲಿ ಬಹಳ ಮರ್ಯಾದೆಯಿಂದ ಬೈಯುತ್ತಿದ್ದರು. ಬೈಗುಳವನ್ನಾದರೂ ತಡೆದುಕೊಳ್ಳಬಹುದು. ಆದರೆ ಆ ಮಣ್ಣಿನಲ್ಲಿ ನಿಂತದ್ದು ನನ್ನ ಅವ್ವನ ದುಂಡುಮಲ್ಲಿಗೆ. ಅವ್ವ ತೀರಿಕೊಂಡ ವರ್ಷ ಧಾರವಾಡದಿಂದ ಒಂದು ಟೊಂಗೆ ತಂದು ಊರಿದ್ದೆ. ಆಮೇಲೆ ಅಲ್ಲಿ ರಸ್ತೆ ಅಗಲ ಮಾಡುವಾಗ ತಾಯಿಗಿಡ ಹೋಯಿತು. ಉಳಿದದ್ದು ಇದೊಂದೇ. ಹಿಂದಿನ ಮಳೆಗಾಲದಲ್ಲಿ ಬೇರು ಬಯಲಾಗಿ ಸತ್ತು ಬದುಕಿತ್ತು. ಇನ್ನೊಮ್ಮೆ ಹಾಗಾದರೆ ಕೈಬಿಡಿ ಎಂದು ನರ್ಸರಿಯವನು ಹೇಳಿದ್ದ. ಹಾಗಾಗಿ ಮೃಗಶಿರಾ ಮಳೆಗೆ ಮೊದಲು ಅಂಚು ಆಗಲೇಬೇಕಿತ್ತು.

ಆಗ ಊರೊಳಗಿನ ಹಳೆಯ ಪೇಠೆಗಳಲ್ಲಿ ವಾಡೆಗಳನ್ನು, ಅಂದರೆ ಮರದ ತೊಲೆಯ ದೊಡ್ಡ ತೊಟ್ಟಿಮನೆಗಳನ್ನು, ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುವ ಭರಾಟೆ. ನಮ್ಮವರ ಆಫೀಸಿನ ಒಬ್ಬರ ವಾಡೆಯೂ ಬಿತ್ತು. ಉದ್ದನೆಯ ತೊಲೆಗಳನ್ನು ವ್ಯಾಪಾರಿ ಒಯ್ದಿದ್ದ, ಮಿಕ್ಕದ್ದನ್ನು ಬೇಕಾದರೆ ನೀವು ಒಯ್ಯಿರಿ ಎಂದರಂತೆ. ಬಿಟ್ಟಿ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು! ಇದು ಸಾಗವಾನಿ, ಮಣ್ಣಲ್ಲಿ ಹುಗಿದರೂ ಜಗ್ಗುವುದಿಲ್ಲ, ಇಟ್ಟಿಗೆಯ ಅಂಚಿಗೆ ಈ ಗತ್ತು ಎಲ್ಲಿಂದ ಬರಬೇಕು ಎಂದು ನನಗೆ ಉಪನ್ಯಾಸ ಬೇರೆ. ಸುಳ್ಳೇಕೆ, ಮರ ನೋಡಿ ನನಗೂ ಆಸೆಯಾಯಿತು. ರವಿವಾರ ಇಡೀ ಇಬ್ಬರೂ ಕೂತು ತುಕ್ಕು ಹಿಡಿದ ಮೊಳೆ ಕಿತ್ತೆವು.

ಅಷ್ಟರಲ್ಲಿ ಅತ್ತೆ ಹೊರಗೆ ಬಂದರು. ಬೆಳಗಾವಿಯವರು, ನಮ್ಮ ಜೊತೆಗೇ ಇದ್ದರು. ಎಲ್ಲಕ್ಕಿಂತ ದಪ್ಪನಾದ, ಪಾತಿಯ ಉದ್ದಕ್ಕೆ ಅಳೆದು ಕೊಯ್ದಂತಿದ್ದ ಮರವನ್ನು ನಾನು ಆರಿಸಿ ಇಟ್ಟಿದ್ದೆ. ಅವರು ಅದರ ಮುಂದೆ ಬಗ್ಗಿ ಬೆರಳಿನಿಂದ ಕೆರೆದರು.

“ಇದು ಹೊಸ್ತಿಲ ಅದ. ಅರಿಷಿಣ ಇನ್ನೂ ಹೋಗಿಲ್ಲ ನೋಡು. ಲಕ್ಷ್ಮೀನ ರಾಡ್ಯಾಗ ಹುಗೀತಿ ಏನ?”

ಹೊಸ್ತಿಲನ್ನು ನಾವು ತುಳಿಯುವುದಿಲ್ಲ, ಅದರ ಮೇಲೆ ಕೂರುವುದಿಲ್ಲ, ದಿನಾ ಅರಿಷಿಣ ಕುಂಕುಮ ಹಚ್ಚುತ್ತೇವೆ. ಅದೆಲ್ಲ ನನಗೂ ಗೊತ್ತು. ಆದರೆ ಅದು ನಿಂತ ಮನೆಯಾದರೂ ಎಲ್ಲಿದೆ? ಜೆಸಿಬಿ ಬಂದಾಗಲೇ ಲಕ್ಷ್ಮಿ ಎದ್ದು ಹೋಗಿರುತ್ತಾಳೆ ಎಂದು ವಾದಿಸಿದೆ. ಕಲ್ಲಿನ ಮೇಲೆ ನೀರು ಹೊಯ್ದಂತಾಯಿತು. ಹೊಸ್ತಿಲು ಹಿಂದಿನ ಕಟ್ಟೆ ಏರಿತು. ಮರುದಿನ ಬೆಳಿಗ್ಗೆ ಅದರ ಮುಂದೆ ರಂಗೋಲಿ ಬಿದ್ದಿತ್ತು.

ಅಲ್ಲಿಗೂ ನಿಲ್ಲಲಿಲ್ಲ. ಇನ್ನೊಂದು ಮರ ಎತ್ತಿದೆ. ಅದು ಬಾಗಿಲ ಮೇಲಿನ ಪಟ್ಟಿ, ನಡುವೆ ಅರ್ಧ ಸವೆದ ಗಣಪತಿ. ಅದೂ ಕಟ್ಟೆಗೆ. ಒಂದು ತುಂಡು ತೊಲೆಗೆ ತೊಟ್ಟಿಲು ತೂಗುಹಾಕುವ ಕಬ್ಬಿಣದ ಬಳೆ ಇತ್ತು. ಎಷ್ಟು ಕೂಸು ತೂಗಿದ ಮರವೋ ಏನೋ, ಅದಕ್ಕೆ ಮಣ್ಣು ತಾಗಿಸಬಾರದಂತೆ. ನಮ್ಮವರನ್ನು ಕೇಳಿದರೆ ಒಳಗೆ ಹೋಗಿ ತಮ್ಮ ಅವ್ವ ಹೇಳುವುದು ಖರೆ ಎನ್ನುವರು, ಹೊರಗೆ ಬಂದು ನಾನು ಹೇಳುವುದೂ ಖರೆ ಎನ್ನುವರು. ಇಟ್ಟಿಗೆಯನ್ನಾದರೂ ತನ್ನಿ ಎಂದರೆ, ಇಷ್ಟು ಮರ ಮನೆಯಲ್ಲಿಟ್ಟುಕೊಂಡು ಇಟ್ಟಿಗೆ ಏಕೆ ಎಂಬ ಪ್ರಶ್ನೆ. ತಲೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಕಡೆಗೆ ದೇವರ ಸಂಬಂಧವಿಲ್ಲದ್ದು ಉಳಿದದ್ದೆಂದರೆ ಅಟ್ಟದ ಹಲಗೆಗಳು. ಅವು ಸಾಗವಾನಿಯೂ ಅಲ್ಲ. ಅವನ್ನೇ ನಿಲ್ಲಿಸಿ, ಗೂಟ ಬಡಿದು, ಅಂಚು ಎಂದು ಕರೆದೆವು.

ಮಳೆ ಬಂದದ್ದು ಮಧ್ಯಾಹ್ನ. ಮನೆಯಲ್ಲಿ ನಾವಿಬ್ಬರೇ ಹೆಂಗಸರು. ಅಡಿಗೆಮನೆಯ ಕಿಟಕಿಯಿಂದ ನೋಡುತ್ತಿದ್ದಂತೆಯೇ ಹಲಗೆ ಹೊಟ್ಟೆ ಉಬ್ಬಿಸಿ ಮಲಗಿಬಿಟ್ಟಿತು. ಅದರ ಮೇಲಿಂದ ಮಣ್ಣು ಹೊರಟಿತು. ನಾನು ಓಡಿಹೋಗಿ ಕೈಯಿಂದ ತಡೆಯಲು ನೋಡಿದೆ. ಬೆರಳ ಸಂದಿನಿಂದ ಮಣ್ಣು ಇಳಿದುಹೋಗಿ ಬಿಳಿಯ ಬೇರುಗಳು ಕಂಡವು. ಆಗ ನನಗೆ ಬಂದ ಸಿಟ್ಟು ಮಳೆಯ ಮೇಲೋ, ಗಂಡನ ಮೇಲೋ, ಲಕ್ಷ್ಮಿಯ ಮೇಲೋ ಹೇಳಲಾರೆ. ಕಟ್ಟೆಗೆ ಹೋಗಿ, ಅಂದು ಬೆಳಿಗ್ಗೆ ಏರಿಸಿದ ಹೂವಿನ ಸಮೇತ ಹೊಸ್ತಿಲನ್ನು ಕೆಳಗೆ ಎಳೆದೆ. ಇಳಿಜಾರಿನಲ್ಲಿ ಅದು ತಾನೇ ಜಾರಿತು. ಗಿಡದ ಬುಡಕ್ಕೆ ಒರಗಿಸಿ, ಭದ್ರವಾಗಿ ಕೂರಲಿ ಎಂದು ಎರಡೂ ಕಾಲು ಅದರ ಮೇಲಿಟ್ಟು ತುಳಿದೆ.

ತಲೆ ಎತ್ತಿದರೆ ಹಿಂಬಾಗಿಲಲ್ಲಿ ಅತ್ತೆ.

“ಅತ್ತೀ, ಬೈಬ್ಯಾಡ್ರಿ. ಇದು ನಮ್ಮವ್ವನ ಗಿಡರಿ. ಇದೂ ಹೋದರ ನನಗ ಆಕೀದು ಏನೂ ಉಳಿಯೂದಿಲ್ಲ” ಎಂದೆ.

ಅವರು ಮಳೆಯಲ್ಲೇ ಇಳಿದು ಬಂದರು. ಕಾಲು ತೆಗೆ ಎಂದರು. ತೆಗೆದೆ. ರಾಡಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಹೊಸ್ತಿಲಿನ ಒಳಬದಿಗೆ ಬೊಗಸೆ ಬೊಗಸೆ ಮಣ್ಣು ಎಳೆದು, ಅಂಗೈಯಿಂದ ಒತ್ತತೊಡಗಿದರು. ನಾನೂ ಕೂತು ಒತ್ತಿದೆ. ಮಣ್ಣು ನಿಂತಿತು.

“ನಿಮ್ಮವ್ವ ಇಲ್ಲೆ ಮಳ್ಯಾಗ ನಿಂತಾಳಂತ ಮೊದಲ ಹೇಳಬಾರದೇನ ಹುಚ್ಚೀ?”

ಎಷ್ಟು ಸಲ ಹೇಳಿದ್ದೆ! ಟೊಂಗೆ ಊರಿದ ದಿನ ಹೇಳಿದ್ದೆ, ಬೇರು ಬಯಲಾದಾಗ ಹೇಳಿದ್ದೆ, ಹೊಸ್ತಿಲು ಕಟ್ಟೆ ಏರಿದ ದಿನವಂತೂ ಜಗಳವಾಡಿ ಹೇಳಿದ್ದೆ. ಅದನ್ನೇ ಮುಖಕ್ಕೆ ಹೊಡೆದಂತೆ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅತ್ತೆ ತಾವು ನೆತ್ತಿಯಿಂದ ತೊಯ್ಯುತ್ತ, ತಮ್ಮ ಸೆರಗನ್ನು ಬಿಚ್ಚಿ ಗಿಡದ ಮೇಲೆ ಹಿಡಿದಿದ್ದರು.